ಲೆಕ್ಕ ಹಾಕಿದ್ದು ಹದಿನೆಂಟು ಮಕ್ಕಳಿಗೆ, ಬಂದದ್ದು ನಾಲ್ವರು: ಒಂದು ಬರ್ತ್‌ಡೇ ಪಾರ್ಟಿಯ ಪ್ರಕರಣ ಅಧ್ಯಯನ

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಒಂದು ಅಪಾರ್ಟ್‌ಮೆಂಟು. ಒಂದನೇ ಕ್ಲಾಸಿನ ಹುಡುಗಿಗೆ ಆರು ತುಂಬುತ್ತದೆ. ಶನಿವಾರ ಸಂಜೆ 6:30ಕ್ಕೆ ಕೆಳಗಿನ ಪಾರ್ಟಿ ಹಾಲಿನಲ್ಲಿ ಬರ್ತ್‌ಡೇ. ಕ್ಲಾಸಿನ ಉಳಿದ 27 ಮಕ್ಕಳನ್ನೂ ಕರೆದಾಗಿದೆ. ಅವರಲ್ಲಿ 18 ಮಕ್ಕಳು ಬರುತ್ತಾರೆಂದು ಊಟಕ್ಕೆ ಹೇಳಿಯಾಗಿದೆ. ಏಳೂವರೆಯಾದರೂ ಬಂದದ್ದು ಕ್ಲಾಸಿನ ಮೂವರು, ಜೊತೆಗೆ ಅವರಲ್ಲೊಬ್ಬನ ತಮ್ಮ. ಬಾಗಿಲ ಪಕ್ಕದ ಮೇಜಿನ ಮೇಲೆ 18 ರಿಟರ್ನ್ ಗಿಫ್ಟ್ ಚೀಲಗಳು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರಿನ ಸ್ಟಿಕ್ಕರ್. ಹುಡುಗಿ ಈಗಷ್ಟೇ ಓದುವುದನ್ನು ಕಲಿತಿದ್ದಾಳೆ. ಆ ಸಾಲಿನ ಮುಂದೆ ನಿಂತು ಒಂದು ಹೆಸರು ಓದುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಮತ್ತೊಂದು ಹೆಸರು ಓದುತ್ತಾಳೆ.

ಇದು ಯಾವುದೋ ಒಂದು ಮನೆಯ ಗುಟ್ಟಲ್ಲ. ಇಂಥ ಪಾರ್ಟಿಗಳು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನ್ನೆಲ್ಲ ಸೇರಿಸಿ ಕಟ್ಟಿದ ಮಾದರಿ ಪ್ರಕರಣ; ಅಂಕಿಗಳನ್ನು ಲೆಕ್ಕ ಸ್ಪಷ್ಟವಾಗಲೆಂದು ಇಟ್ಟಿದ್ದೇವೆ. ತಪ್ಪು ಬಾರದವರದ್ದೇ ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ. ಅರ್ಧ ನಿಜ. ಉಳಿದರ್ಧ ಶನಿವಾರಕ್ಕೂ 13 ದಿನ ಮೊದಲು, ಕರೆಯುವಾಗಲೇ ಆಗಿಹೋಗಿತ್ತು.

ಕರೆದದ್ದು ಹೇಗೆ

ಅಮ್ಮ ಚಂದದ ಒಂದು ಕಾರ್ಡ್ ಮಾಡಿಸಿ ಕ್ಲಾಸಿನ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೊನೆಯ ಸಾಲು: ‘ದಯವಿಟ್ಟು ಎಲ್ಲರೂ ತಪ್ಪದೇ ಬನ್ನಿ.’ ಆ ಗ್ರೂಪಿನಲ್ಲಿ ಹೋಂವರ್ಕ್ ಫೋಟೋ, ಕಳೆದುಹೋದ ನೀರಿನ ಬಾಟಲಿ, ಶಾಲೆಯ ಬಸ್ಸು ತಡವಾದ ಸುದ್ದಿ ಎಲ್ಲ ಒಂದರ ಮೇಲೊಂದು ಬೀಳುತ್ತಿರುತ್ತವೆ. ಸಂಜೆಯೊಳಗೆ ಕಾರ್ಡು ಎಲ್ಲೋ ಮೇಲೆ ಹೋಯಿತು.

ಉತ್ತರ ಬಂದದ್ದು ಹೀಗೆ. ಒಂಬತ್ತು ಮನೆಯವರು ಏನೂ ಹೇಳಲಿಲ್ಲ. ಎಂಟು ಮನೆಯವರು ಹೆಬ್ಬೆಟ್ಟಿನ ಗುರುತು ಹಾಕಿದರು. ಐವರು ‘ಖಂಡಿತ ಬರ್ತೀವಿ’ ಅಂದರು. ಮೂವರು ‘ಟ್ರೈ ಮಾಡ್ತೀವಿ’ ಅಂದರು. ಇಬ್ಬರು ಮಾತ್ರ ಪ್ರಶ್ನೆ ಕೇಳಿದರು: ಒಬ್ಬರದು ‘ಅಡುಗೆಗೆ ಕಡಲೆಕಾಯಿ ಹಾಕ್ತೀರಾ? ನಮ್ಮವಳಿಗೆ ಆಗಲ್ಲ’, ಇನ್ನೊಬ್ಬರದು ‘ಚಿಕ್ಕವನನ್ನೂ ಕರ್ಕೊಂಡು ಬರಬಹುದಾ?’ ಅಮ್ಮ ಮೌನವನ್ನು ಬಿಟ್ಟು ಉಳಿದದ್ದೆಲ್ಲ ‘ಹೌದು’ ಅಂತಲೇ ಎಣಿಸಿದರು. 8, 5, 3, 2 ಸೇರಿ 18.

ಕೊನೆಗೆ ಬಂದವರು ಪ್ರಶ್ನೆ ಕೇಳಿದ ಇಬ್ಬರೂ, ‘ಖಂಡಿತ ಬರ್ತೀವಿ’ ಅಂದ ಐವರಲ್ಲಿ ಒಬ್ಬರೂ. ಪ್ರಶ್ನೆ ಕೇಳಿದವರು ಆಗಲೇ ಮನಸ್ಸಿನಲ್ಲಿ ಆ ಸಂಜೆಯೊಳಗೆ ಕಾಲಿಟ್ಟಿರುತ್ತಾರೆ. ಮಗುವಿಗೆ ಯಾವ ಅಂಗಿ ಅನ್ನುವವರೆಗೂ ಯೋಚನೆ ಹೋಗಿರುತ್ತದೆ. ಹೆಬ್ಬೆಟ್ಟು ಹಾಕಿದವರು ಬಸ್ಸಿಗಾಗಿ ಕಾಯುತ್ತಾ ಒಂದು ಕ್ಷಣ ಕಾರ್ಡು ನೋಡಿದವರು, ಅಷ್ಟೆ.

‘ಬರ್ತೀವಿ’ ಅನ್ನುವ ಮಾತಿನ ತೂಕ

ನಮ್ಮಲ್ಲಿ ಶುಭಕಾರ್ಯಕ್ಕೆ ಕರೆದವರ ಮುಖಕ್ಕೆ ‘ಬರಲ್ಲ’ ಅನ್ನುವುದಿಲ್ಲ. ಎದ್ದು ಹೊರಡುವಾಗಲೂ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ಜನ ನಾವು. ಕುಂಕುಮ ಅಕ್ಷತೆ ಹಿಡಿದು ಬಾಗಿಲಿಗೆ ಬಂದವರಿಗೆ ‘ಅಯ್ಯೋ ಬರದೇ ಇರ್ತೀವಾ’ ಅನ್ನುವುದು ಮರ್ಯಾದೆ, ಊಟದ ಎಲೆಯ ಲೆಕ್ಕವಲ್ಲ. ಹೇಳಿದವರಿಗೂ ಕೇಳಿದವರಿಗೂ ಅದು ಗೊತ್ತಿರುತ್ತದೆ. ಸಾವಿರ ಜನರ ಮದುವೆಯಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಅಡುಗೆಯವರು ಪಂಕ್ತಿಯ ಅಂದಾಜಿನಲ್ಲಿ ಅಕ್ಕಿ ಹಾಕುತ್ತಾರೆ, ನೂರು ಜನ ಹೆಚ್ಚಾದರೆ ಸಾರಿಗೆ ನೀರು ಸೇರುತ್ತದೆ, ನೂರು ಜನ ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ.

ಆರು ವರ್ಷದ ಮಗುವಿನ ಪಾರ್ಟಿಯಲ್ಲಿ ಹಾಗಲ್ಲ. ಅಲ್ಲಿ ಮೂವರು ಬಾರದಿದ್ದರೆ ಕುರ್ಚಿಯಾಟ ನಡೆಯುವುದಿಲ್ಲ. ಮದುವೆಮನೆಯ ಮಾತಿನ ರೂಢಿಯನ್ನು ಹದಿನೆಂಟು ಮಕ್ಕಳ ಪಾರ್ಟಿಗೆ ತಂದದ್ದರಿಂದಲೇ ಈ ಮನೆಯ ಲೆಕ್ಕ ತಪ್ಪಿತು. ಆದ್ದರಿಂದ ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆಯನ್ನೇ ಕೇಳಬಾರದು. ಸಂಖ್ಯೆ ಕೇಳಬೇಕು. ‘ಬರ್ತೀರಾ?’ ಅಂದರೆ ‘ಬರ್ತೀವಿ’ ಬರುತ್ತದೆ. ‘ಊಟಕ್ಕೆ ನೀವು ಎಷ್ಟು ಜನ? ಪಾಪುವನ್ನ ಬಿಟ್ಟು ಹೋಗ್ತೀರಾ, ಜೊತೆಗೆ ಇರ್ತೀರಾ? ಮೊಟ್ಟೆ ಹಾಕಿದ ಕೇಕ್ ತಿಂತಾನಾ?’ ಅಂತ ಕೇಳಿದರೆ ಎದುರಿನವರು ಗಂಡನನ್ನೊಮ್ಮೆ ಕೇಳಿ, ಕ್ಯಾಲೆಂಡರ್ ನೋಡಿ ಉತ್ತರ ಕೊಡಬೇಕಾಗುತ್ತದೆ. ಬರಲಾಗದವರಿಗೂ ಇದು ಅನುಕೂಲ. ‘ಬರಲ್ಲ’ ಅನ್ನುವ ಬದಲು ‘ಆವತ್ತು ನಾವು ಊರಲ್ಲಿರಲ್ಲ’ ಅನ್ನಲು ದಾರಿ ಸಿಗುತ್ತದೆ.

ಹದಿನೈದು ಮನೆಯವರು ಯಾಕೆ ಬರಲಿಲ್ಲ

ಐದು ಮನೆಯವರು ಊರಿಗೆ ಹೋಗಿದ್ದರು. ಶುಕ್ರವಾರ ಸರ್ಕಾರಿ ರಜೆ, ಮರುದಿನ ಎರಡನೇ ಶನಿವಾರ. ಮೂರು ದಿನ ಒಟ್ಟಿಗೆ ಸಿಕ್ಕರೆ ಹಾಸನ, ಶಿವಮೊಗ್ಗದ ಕಡೆಯವರು ಬೆಂಗಳೂರಿನಲ್ಲಿ ಉಳಿಯುವುದಿಲ್ಲ. ಪಾರ್ಟಿಗೆ ದಿನ ನೋಡುವಾಗ ಅಮ್ಮ ಹಾಲಿನ ಬುಕಿಂಗ್ ನೋಡಿದ್ದರು, ರಜೆಯ ಪಟ್ಟಿ ನೋಡಿರಲಿಲ್ಲ. ನಾಲ್ವರ ಹೆಬ್ಬೆಟ್ಟಿಗೆ ‘ನೋಡಿದೆ’ ಎಂದಷ್ಟೇ ಅರ್ಥ. ಅವರಲ್ಲಿ ಇಬ್ಬರಿಗೆ ‘ಗ್ರೂಪಿಗೆ ಹಾಕಿದ್ದಾರೆ, ನಮ್ಮನ್ನೇ ಅಂತ ಎಲ್ಲಿ ಕರೆದರು’ ಅನ್ನುವ ಭಾವನೆಯೂ ಇತ್ತು. ಇದನ್ನು ಜಂಬ ಅನ್ನಲಾಗದು. ಮನೆಗೆ ಹೋಗಿ ಅಥವಾ ಫೋನ್ ಮಾಡಿಯಾದರೂ ಕರೆದರೆ ಮಾತ್ರ ಕರೆ ಅನ್ನುವ ಲೆಕ್ಕ ಇನ್ನೂ ಸತ್ತಿಲ್ಲ. ಮೂವರು ಮಳೆ ಮತ್ತು ಟ್ರಾಫಿಕ್‌ಗೆ ಹೆದರಿ ಹೊರಡಲಿಲ್ಲ. ಇಬ್ಬರು ಮರೆತರು. ಒಂದು ಮಗುವಿಗೆ ಮಧ್ಯಾಹ್ನದಿಂದ ಜ್ವರ.

ಜ್ವರ ಬಂದ ಮನೆಯೊಂದನ್ನು ಬಿಟ್ಟರೆ ಉಳಿದ ಹದಿನಾಲ್ಕರಲ್ಲಿ ಹೆಚ್ಚಿನವು ಪಾರ್ಟಿಯ ಮೊದಲೇ ಗೊತ್ತಾಗಬಹುದಾಗಿದ್ದವು. ಗೊತ್ತು ಮಾಡಿಕೊಳ್ಳಲು ಯಾರೂ ಕೇಳಲಿಲ್ಲ, ಅಷ್ಟೆ.

ಇನ್ನೊಂದು ಕಾರಣ ಮಾತಿಗೆ ಬರುವುದೇ ಕಡಿಮೆ. ಹುಡುಗಿ ಜೂನ್‌ನಲ್ಲಷ್ಟೇ ಈ ಶಾಲೆಗೆ ಸೇರಿದವಳು. ಇಡೀ ಕ್ಲಾಸನ್ನು ಕರೆದರೆ ಯಾರಿಗೂ ಬೇಸರವಾಗುವುದಿಲ್ಲ ಅನ್ನುವ ಒಳ್ಳೆಯ ಮನಸ್ಸಿನಿಂದ 27 ಮನೆಗಳಿಗೆ ಹೇಳಿದರು. ಆದರೆ ಅವಳ ಹೆಸರೇ ಗೊತ್ತಿಲ್ಲದ ಮಗು ಮನೆಯಲ್ಲಿ ‘ಹೋಗೋಣ ಹೋಗೋಣ’ ಅಂತ ಹಟ ಹಿಡಿಯುವುದಿಲ್ಲ, ಮಕ್ಕಳ ಪಾರ್ಟಿಗೆ ದೊಡ್ಡವರನ್ನು ಹೊರಡಿಸುವುದು ಆ ಹಟವೇ. ಯಾರನ್ನು ಕರೆಯಬೇಕೆಂದು ತಿಳಿಯಲು ‘ನಿನ್ನ ಫ್ರೆಂಡ್ಸ್ ಯಾರು?’ ಅಂತ ಕೇಳಿದರೆ ಮಗು ಇಡೀ ಹಾಜರಿ ಪುಸ್ತಕ ಒಪ್ಪಿಸುತ್ತದೆ. ‘ಊಟದ ಡಬ್ಬಿ ಯಾರ ಪಕ್ಕ ಕೂತು ತೆಗೀತೀಯಾ?’ ಅಂತ ಕೇಳಿ. ಮೂರೋ ನಾಲ್ಕೋ ಹೆಸರು ಬರುತ್ತವೆ. ಬಿಲ್ಡಿಂಗಿನ ಇಬ್ಬರು, ನೆಂಟರ ಮಕ್ಕಳಿಬ್ಬರು ಸೇರಿದರೆ ಆರು ವರ್ಷದ ಮಗುವಿಗೆ ಅಷ್ಟು ಸಾಕು.

ಆ ಸಂಜೆ, ಗಡಿಯಾರ ಹಿಡಿದು

6:30ಕ್ಕೆ ಯಾರೂ ಇಲ್ಲ. ಇದು ಗಾಬರಿಯ ವಿಷಯವೇ ಅಲ್ಲ. ಕಾರ್ಡಿನಲ್ಲಿ ಒಂದೇ ಸಮಯ ಹಾಕಿದರೆ ಜನ ಅದಕ್ಕೆ ಒಂದು ಗಂಟೆ ಸೇರಿಸಿಯೇ ಓದುತ್ತಾರೆ. ‘6:30ಕ್ಕೆ ಆಟ, 7:15ಕ್ಕೆ ಕೇಕ್, 7:45ಕ್ಕೆ ಊಟ, 8:30ಕ್ಕೆ ಮುಗಿಯುತ್ತದೆ’ ಎಂದು ಬರೆದಿದ್ದರೆ ಬರುವವರು ಕೇಕಿನ ಹೊತ್ತಿಗಾದರೂ ಬರುತ್ತಿದ್ದರು.

6:50ಕ್ಕೆ ಮೊದಲ ಮಗು ಬಂತು. ಇಲ್ಲಿಂದ ಮುಂದಿನ 50 ನಿಮಿಷದಲ್ಲಿ ನಡೆದದ್ದೇ ಈ ಪ್ರಕರಣದ ಅತಿ ದೊಡ್ಡ ತಪ್ಪು. ಅಮ್ಮ ಹಾಲಿನ ಮಧ್ಯೆ, ಮಗಳ ಎದುರೇ ನಿಂತು ಒಬ್ಬೊಬ್ಬರಿಗೆ ಫೋನ್ ಮಾಡಿದರು. ‘ಎಲ್ಲಿದೀರಾ? ಹೊರಟ್ರಾ?’ ಅತ್ತಲಿಂದ ಬಂದ ಉತ್ತರ ಮಗುವಿಗೆ ಕೇಳಿಸಲಿಲ್ಲ, ಅಮ್ಮನ ಮುಖ ಕಾಣಿಸಿತು. ಬಂದಿದ್ದ ಮೂವರು ತಾಯಂದಿರ ಬಳಿ ಬಾರದವರ ಪಟ್ಟಿ ಹೇಳಿಕೊಂಡದ್ದೂ ಆಯಿತು. ಅವರಿಗೆ ಏಳಲೂ ಆಗದು, ಕೂರಲೂ ಆಗದು. ಮ್ಯಾಜಿಕ್ ಮಾಡಲು ಬಂದಾತ ಮೈಕಿನಲ್ಲಿ ‘ಇನ್ನೂ ಯಾರೂ ಬಂದಿಲ್ವಾ ಪುಟ್ಟಿ?’ ಅಂದ. ಎರಡು ಗಂಟೆಗೆ ಬುಕ್ ಮಾಡಿದ ಆತನಿಗೆ ಉಳಿದದ್ದು 50 ನಿಮಿಷ. ಕೇಕ್ ಕತ್ತರಿಸಿದ್ದು 8:05ಕ್ಕೆ. ಅಷ್ಟರಲ್ಲಿ ಚಿಕ್ಕ ಹುಡುಗ ನಿದ್ದೆಗೆ ಜಾರಿದ್ದ.

ಆಗಬೇಕಾದ್ದು ಹೀಗಿತ್ತು. ಹೇಳಿದ ಹೊತ್ತಿಗೆ 20 ನಿಮಿಷ ದಾಟಿದ ಮೇಲೆ ಅಪ್ಪನೋ ಚಿಕ್ಕಮ್ಮನೋ ಹಾಲಿನ ಹೊರಗೆ ಹೋಗಿ, ಎಷ್ಟು ಜನ ಅಂತ ಸಂಖ್ಯೆ ಕೊಟ್ಟವರಿಗೆ ಮಾತ್ರ ಒಂದು ಸಲ ಫೋನ್ ಮಾಡಬೇಕು. ದನಿಯಲ್ಲಿ ತಕರಾರು ಬೇಡ: ‘ಲೊಕೇಶನ್ ಸಿಕ್ತಾ? ಗೇಟಿನಲ್ಲಿ ಹೆಸರು ಹೇಳಿದರೆ ಬಿಡ್ತಾರೆ.’ 30 ನಿಮಿಷಕ್ಕೆ ಇದ್ದಷ್ಟೇ ಮಕ್ಕಳೊಂದಿಗೆ ಆಟ ಶುರು. 45 ನಿಮಿಷಕ್ಕೆ ಕೇಕ್. ಹೊತ್ತಿಗೆ ಸರಿಯಾಗಿ ಬಂದ ಮಗುವನ್ನು ಬಾರದ ಮಗುವಿಗಾಗಿ ಕಾಯಿಸುವುದು ಬಂದವರಿಗೆ ಮಾಡುವ ಅವಮಾನ.

ಹಾಲಿನ ರೂಪವನ್ನೂ ಬದಲಿಸಬೇಕು. 50 ಕೆಂಪು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಖಾಲಿ ಬಿದ್ದಿದ್ದರೆ ನಾಲ್ಕು ಮಕ್ಕಳು ಕಳೆದುಹೋಗುತ್ತವೆ. 30 ಕುರ್ಚಿ ಒಂದರ ಮೇಲೊಂದು ಪೇರಿಸಿ ಹೊರಗಿಡಿ, ಒಂದು ಜಮಖಾನ ಹಾಸಿ, ಕೇಕಿನ ಮೇಜನ್ನು ಗೋಡೆಯಿಂದ ಎಳೆದು ಮಧ್ಯಕ್ಕೆ ತನ್ನಿ. ಮ್ಯಾಜಿಕ್‌ನವರಿಗೆ ಮೈಕ್ ಬಿಟ್ಟು ಜಮಖಾನದ ಮೇಲೆ ಕೂತು ಇಸ್ಪೀಟು, ನಾಣ್ಯದ ಆಟ ತೋರಿಸಲು ಹೇಳಿ. ನಾಲ್ಕು ಮಕ್ಕಳಿಗೆ ಅದು ದೊಡ್ಡ ವೇದಿಕೆಯ ಆಟಕ್ಕಿಂತ ಹೆಚ್ಚು ಹಿಡಿಸುತ್ತದೆ. ಯಾರು ಬಂದರು, ಎಷ್ಟು ಬಂದರು ಅಂತ ಎಣಿಸಬೇಡಿ ಎಂದು ಅವರಿಗೆ ಮೊದಲೇ ತಿಳಿಸಿರಬೇಕು.

ಕೆಳಗೆ ಆಡುತ್ತಿರುವ ಬಿಲ್ಡಿಂಗಿನ ಮಕ್ಕಳನ್ನು ಆಗ ಕರೆಯಬಹುದೇ? ಕರೆಯಬಹುದು, ಮುಚ್ಚುಮರೆ ಇಲ್ಲದೆ ಕರೆದರೆ. ‘ಕೇಕ್ ಕಟ್ ಮಾಡ್ತಿದ್ದೀವಿ, ಮಕ್ಕಳನ್ನ ಕಳಿಸಿ, ಗಿಫ್ಟ್ ಅಂತ ಏನೂ ಬೇಡ, ಇದ್ದ ಬಟ್ಟೆಯಲ್ಲೇ ಬರಲಿ’ ಸಾಕು. ‘ಯಾರೂ ಬಂದಿಲ್ಲ, ಅದಕ್ಕೆ’ ಎಂದು ಸೇರಿಸಿದರೆ ಬಂದ ಮಗುವಿಗೂ ಅದು ಖಾಲಿ ಕುರ್ಚಿ ತುಂಬಿಸುವ ಕೆಲಸವಾಗುತ್ತದೆ.

ಮಗುವಿಗೆ ಏನು ಹೇಳಬೇಕು

ಈ ಮನೆಯಲ್ಲಿ ಒಂದು ಗಂಟೆ ‘ಟ್ರಾಫಿಕ್‌ನಲ್ಲಿದ್ದಾರೆ, ಬರ್ತಾರೆ’ ಅಂತ ಹೇಳಿದರು. ಪ್ರತಿ ಸಲ ಹೇಳಿದಾಗಲೂ ಮಗು ಮತ್ತೊಮ್ಮೆ ಕಾಯಲು ಕೂತಿತು. ಕೊನೆಗೆ ಸಿಟ್ಟಿನಲ್ಲಿ ‘ಮುಂದಿನ ವರ್ಷ ಯಾರನ್ನೂ ಕರೆಯೋದು ಬೇಡ’ ಅಂದದ್ದು ಅದಕ್ಕಿಂತ ಕೆಟ್ಟದ್ದು. ಕೇಳಿದಾಗ ಒಂದೇ ಸಲ, ಚಿಕ್ಕದಾಗಿ ಹೇಳಿ: ‘ಅವರಿಗೆ ಇವತ್ತು ಬರೋಕೆ ಆಗಿಲ್ಲ ಕಂದ. ನಂಗೂ ಬೇಜಾರಾಯ್ತು. ಬಾ, ಬಂದಿರೋರ ಜೊತೆ ಆಡು.’ ಅಳು ಬಂದರೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಅಳಲು ಬಿಡಿ, ಐದು ನಿಮಿಷದಲ್ಲಿ ಮುಗಿಯುತ್ತದೆ. ಕ್ಲಾಸಿನ ಮಕ್ಕಳ ಹೆಸರು ಹಿಡಿದು ದೂರಬೇಡಿ. ಸೋಮವಾರ ಅವಳು ಅವರ ಪಕ್ಕದಲ್ಲೇ ಕೂರಬೇಕು.

ಆ ಮುಖದ ಫೋಟೋ ತೆಗೆದು ಜಾಲತಾಣಕ್ಕೆ ಹಾಕುವವರೂ ಇದ್ದಾರೆ. 2018ರಲ್ಲಿ ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ ಕ್ಲಾಸಿನವರ್ಯಾರೂ ಬಾರದೆ ಖಾಲಿ ಮೇಜಿನ ಮುಂದೆ ಕೂತ ಆರರ ಹುಡುಗನ ಚಿತ್ರ ಎಲ್ಲೆಡೆ ಹರಡಿ, ಫೀನಿಕ್ಸ್ ಸನ್ಸ್ ಬ್ಯಾಸ್ಕೆಟ್‌ಬಾಲ್ ತಂಡದವರು ಅವನನ್ನು ತಮ್ಮ ಆಟಕ್ಕೆ ಕರೆದರು. ಅಂಥದ್ದು ಅಪರೂಪ, ಚಿತ್ರ ಮಾತ್ರ ಅಲ್ಲೇ ಉಳಿಯುತ್ತದೆ, ಮಗು ಹದಿನಾರಾದಾಗಲೂ. ಹಾಕದಿರುವುದೇ ಲೇಸು.

ಉಳಿದ 32 ಪ್ಲೇಟು

ಕೇಟರಿಂಗಿನವರಿಗೆ ಕನಿಷ್ಠ 50 ಪ್ಲೇಟ್ ಹೇಳಲೇಬೇಕಿತ್ತು; ಪ್ಲೇಟಿಗೆ 320 ರೂ. ಮಕ್ಕಳು 18, ಅವರ ಮನೆಯವರು 22, ಸ್ವಂತದವರು 10 ಅಂತ ಹೊಂದಿಸಿದ್ದರು. ಉಂಡವರು ಒಟ್ಟು 18. 32 ಪ್ಲೇಟು, ಅಂದರೆ 10,240 ರೂ. ನಷ್ಟ. ಸಾಮಾನ್ಯವಾಗಿ ಎರಡು ದಿನ ಮೊದಲು ಕೊಟ್ಟ ಸಂಖ್ಯೆಗೆ ಹಣ ಕೊಡಲೇಬೇಕು, ಜನ ಬರಲಿ ಬಿಡಲಿ. ಅದರ ಮೇಲೆ 3 ಕೆ.ಜಿ. ಕೇಕು, ಕೆ.ಜಿ.ಗೆ ನೂರು ಗ್ರಾಮಿನ ಹತ್ತು ತುಂಡಿನ ಲೆಕ್ಕದಲ್ಲಿ 30 ತುಂಡು, ಅರ್ಧ ಉಳಿಯಿತು.

ಚಿಕ್ಕ ಪಾರ್ಟಿಗೆ ಪ್ಲೇಟಿನ ಲೆಕ್ಕದ ಕೇಟರಿಂಗೇ ಬೇಡ. ಹಿಗ್ಗುವ, ಕುಗ್ಗುವ ಊಟ ಇಡಿ. ಅಲ್ಲೇ ಕರಿದು ಕೊಡುವ ಪೂರಿ, ಸಾಗು. ಸ್ಥಳದಲ್ಲೇ ಹುಯ್ಯುವ ಪುಟ್ಟ ದೋಸೆ. ಜನ ಕಡಿಮೆಯಾದರೆ ಉಳಿಯುವುದು ಹಿಟ್ಟು, ಅದು ಫ್ರಿಜ್ಜಿಗೆ ಹೋಗಿ ಭಾನುವಾರದ ತಿಂಡಿಯಾಗುತ್ತದೆ. ಜನ ಹೆಚ್ಚಾದರೆ ಹತ್ತಿರದ ದರ್ಶಿನಿಯಿಂದ ಇಡ್ಲಿ ತರಿಸಬಹುದು.

ಇಲ್ಲಿ ಊಟವನ್ನು ಬರಬಹುದಾದವರಿಗಾಗಿ 10 ಗಂಟೆಯವರೆಗೆ ಹಾಗೇ ಇಟ್ಟುಕೊಂಡು, ಆಮೇಲೆ ಸೆಕ್ಯುರಿಟಿಯವರಿಗೆ ‘ಉಳಿದಿದೆ, ತಗೊಂಡ್ಹೋಗಿ’ ಅಂದರು. ಎರಡೂ ತಪ್ಪು. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಪಲಾವ್, ಪನೀರ್‌ಗಳಲ್ಲಿ ಅದನ್ನು ಮೀರಲೇಬಾರದು. 8:15ರ ಹೊತ್ತಿಗೇ ನಿರ್ಧರಿಸಿ, ಅಡುಗೆ ಬಿಸಿಯಿರುವಾಗಲೇ ಸೆಕ್ಯುರಿಟಿಯವರನ್ನೂ ಹೌಸ್‌ಕೀಪಿಂಗ್‌ನವರನ್ನೂ ಸರದಿಯಲ್ಲಿ ಕರೆದು ಕೂರಿಸಿ ಬಡಿಸಬೇಕು. ಹೇಳುವ ಮಾತೂ ಬೇರೆ: ‘ಪಾಪು ಹುಟ್ಟಿದಹಬ್ಬ, ಊಟ ಮಾಡ್ಕೊಂಡು ಹೋಗಿ ಅಣ್ಣ.’

ಭಾನುವಾರದ ಮೆಸೇಜು

ಮರುದಿನ ಬೆಳಿಗ್ಗೆ ಅಪ್ಪ ಗ್ರೂಪಿಗೆ ಬರೆದರು: ‘ಬರ್ತೀವಿ ಅಂತ ಹೇಳಿ ಬಾರದ ಎಲ್ಲರಿಗೂ ಧನ್ಯವಾದ. ಹತ್ತು ಸಾವಿರ ರೂಪಾಯಿ ಊಟ ವೇಸ್ಟ್ ಆಯಿತು.’ ಎರಡು ಗಂಟೆಯಲ್ಲಿ ಇಬ್ಬರು ಗ್ರೂಪ್ ಬಿಟ್ಟರು, ಒಬ್ಬರು ‘ನಮ್ಮ ಮಗುಗೆ ಜ್ವರ ಇತ್ತು’ ಎಂದು ಥರ್ಮಾಮೀಟರಿನ ಫೋಟೋ ಹಾಕಿದರು, ಕ್ಲಾಸ್ ಟೀಚರನ್ನೂ ಎಳೆದು ತಂದರು. ಬಂದಿದ್ದ ಮೂವರಿಗೆ ಯಾರೂ ವಂದನೆ ಹೇಳಲಿಲ್ಲ.

ಹಣ ಕೇಳಿದ ಪ್ರಸಂಗವೂ ಒಂದಿದೆ. 2015ರ ಜನವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಕ್ರಿಸ್‌ಮಸ್‌ಗೆ ಮುಂಚೆ ಪ್ಲಿಮತ್‌ನ ಸ್ಕೀ ಇಳಿಜಾರಿನಲ್ಲಿ ನಡೆದ ಪಾರ್ಟಿಗೆ ಬರುತ್ತೇನೆಂದು ಬಾರದ ಐದು ವರ್ಷದ ಹುಡುಗನ ಶಾಲೆಯ ಚೀಲದಲ್ಲಿ 15.95 ಪೌಂಡಿನ ಬಿಲ್ ಸಿಕ್ಕಿತು. ಕೋರ್ಟಿನ ಮಾತೂ ಬಂತು. ತಿಳಿಸಲು ನಂಬರ್ ಇರಲಿಲ್ಲ ಎಂದು ಒಂದು ಕಡೆ, ಆಮಂತ್ರಣದಲ್ಲೇ ಇತ್ತು ಎಂದು ಇನ್ನೊಂದು ಕಡೆ. ಪತ್ರಿಕೆಗಳಲ್ಲಿ ಎರಡೂ ಮನೆಯ ಮಾನ ಹೋಯಿತು. ಕಾನೂನಿನಲ್ಲಂತೂ ಇಂಥದ್ದಕ್ಕೆ ನೆಲೆ ಕಡಿಮೆ. ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ನೌಕರಿಯಲ್ಲಿದ್ದ ಗಂಡ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕೊಡುತ್ತೇನೆಂದ ಮಾತು ಕರಾರಲ್ಲ ಎಂದ 1919ರ ಇಂಗ್ಲೆಂಡಿನ ಬಾಲ್ಫೋರ್ ಪ್ರಕರಣವನ್ನು ನಮ್ಮ ಲಾ ಕಾಲೇಜುಗಳಲ್ಲೂ ಪಾಠ ಮಾಡುತ್ತಾರೆ. ಅದರಲ್ಲಿ ನ್ಯಾಯಮೂರ್ತಿ ಆಟ್ಕಿನ್ ಕರಾರಲ್ಲದ ಮಾತಿಗೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಆತಿಥ್ಯಕ್ಕೆ ಕರೆಯುವುದು, ಬರುತ್ತೇನೆಂದು ಒಪ್ಪುವುದು!

ಹಾಗಾದರೆ ಸುಮ್ಮನಿರಬೇಕೇ? ಗ್ರೂಪಿನಲ್ಲಿ ಸುಮ್ಮನಿರಬೇಕು. ಸ್ಪಷ್ಟವಾಗಿ ‘ಬರ್ತೀವಿ’ ಅಂದವರಿಗೆ ಮಾತ್ರ, ಬೇರೆಬೇರೆಯಾಗಿ, ಭಾನುವಾರ ಮಧ್ಯಾಹ್ನದ ಮೇಲೆ: ‘ನಿನ್ನೆ ನಿಮ್ಮ ದಾರಿ ನೋಡ್ತಿದ್ವಿ. ಮನೇಲೆಲ್ಲ ಆರಾಮಾ?’ ಜ್ವರ ಬಂದವರಿಗೆ ಇದು ಕಾಳಜಿ, ಮರೆತವರಿಗೆ ಚುರುಕು. ಎರಡನೇ ಮೆಸೇಜ್ ಬೇಡ. ಬಂದಿದ್ದವರಿಗೆ ಅವರ ಮಗುವಿನ ಒಳ್ಳೆಯ ಫೋಟೋ ಒಂದನ್ನು ಅವರಿಗಷ್ಟೇ ಕಳಿಸಿ.

ಬಾರದವರ ಪಾಲಿನ ಕೆಲಸ

ಬರಲಾಗದಿದ್ದರೆ ಕೇಟರಿಂಗಿನ ಸಂಖ್ಯೆ ಕೊಡುವ ಮೊದಲು, ಅಂದರೆ ಮೂರು ದಿನ ಮುಂಚೆ, ಮೆಸೇಜ್ ಸಾಕು. ಆಮೇಲಾದರೆ ಫೋನ್ ಮಾಡಬೇಕು. ಪಾರ್ಟಿಯ ದಿನವೇ ತೊಂದರೆಯಾದರೆ ಮೊದಲು ಫೋನ್, ಎತ್ತದಿದ್ದರೆ ಒಂದು ಸಾಲಿನ ಮೆಸೇಜ್: ‘ಪಾಪುಗೆ ಜ್ವರ, ಬರೋಕಾಗ್ತಿಲ್ಲ, ನಮ್ಮ ಮೂರು ಪ್ಲೇಟ್ ಬಿಡಿ.’ ಪ್ಲೇಟಿನ ಸಂಖ್ಯೆ ಹೇಳುವುದು ಮುಖ್ಯ, ಅವರಿಗೆ ಆಗ ಬೇಕಾಗಿರುವುದು ಅದೇ. ಮರೆತೇ ಹೋಗಿದ್ದರೆ ಕತೆ ಕಟ್ಟಬೇಡಿ; ‘ಮರೆತುಬಿಟ್ಟೆ, ತಪ್ಪಾಯ್ತು’ ಅಂದವರನ್ನು ಯಾರೂ ಬಹಳ ದಿನ ಬೈಯುವುದಿಲ್ಲ, ಸುಳ್ಳು ನೆಂಟರ ಸಾವನ್ನು ಮಾತ್ರ ಮಕ್ಕಳೇ ಶಾಲೆಯಲ್ಲಿ ಬಯಲು ಮಾಡುತ್ತಾರೆ. ತಂದಿಟ್ಟ ಗಿಫ್ಟನ್ನು ಶಾಲೆಯ ಚೀಲದಲ್ಲಿ ಕಳಿಸದೆ, ವಾರದೊಳಗೆ ಮಗುವನ್ನೇ ಕರೆದುಕೊಂಡು ಮನೆಗೆ ಹೋಗಿ ಕೊಡಿ. ಅರ್ಧ ಗಂಟೆ ಇಬ್ಬರೂ ಆಡಿದರೆ ಪಾರ್ಟಿಯ ಬಾಕಿ ಅಲ್ಲಿಗೆ ತೀರಿತು.

ಮುಂದಿನ ಸಲ ಕರೆಯುವಾಗ 10–12 ದಿನ ಮೊದಲು ಒಬ್ಬೊಬ್ಬರಿಗೇ ಫೋನ್. ಕಾರ್ಡು ಅದರ ಬೆನ್ನಿಗೆ. ಬುಧವಾರ ರಾತ್ರಿ ಸಂಖ್ಯೆ ಗಟ್ಟಿ ಮಾಡಿಕೊಳ್ಳುವುದು. ಶನಿವಾರ ಬೆಳಿಗ್ಗೆ ಲೊಕೇಶನ್, ಗೇಟಿನ ಸಂಖ್ಯೆ, ಗಾಡಿ ನಿಲ್ಲಿಸುವ ಜಾಗ. ಒಂದು ತಿಂಗಳು ಮುಂಚೆ ಕರೆದರೆ ಮರೆಯುತ್ತಾರೆ, ಎರಡು ದಿನ ಮುಂಚೆ ಕರೆದರೆ ಯಾರೋ ತಪ್ಪಿಸಿಕೊಂಡದ್ದಕ್ಕೆ ನಮ್ಮನ್ನು ಕರೆದರು ಅಂದುಕೊಳ್ಳುತ್ತಾರೆ.

ರಿಟರ್ನ್ ಗಿಫ್ಟ್ ಚೀಲದ ಮೇಲೆ ಹೆಸರು ಬೇಡವೇ ಬೇಡ. ಈ ಮನೆಯಲ್ಲಿ ಉಳಿದ 15 ಚೀಲಗಳನ್ನು ಸೋಮವಾರ ಶಾಲೆಗೆ ಕಳಿಸುವ ಯೋಚನೆ ಇತ್ತು. ಬೇಡ, ಅದು ಬಾರದವರಿಗೆ ಕೈಗೆ ಕೊಟ್ಟ ದೂರಿನಂತೆ ಕಾಣುತ್ತದೆ. ಸ್ಟಿಕ್ಕರಿನ ಮೇಲೆ ಹೇರ್ ಡ್ರೈಯರನ್ನು ಅರ್ಧ ನಿಮಿಷ ಹಿಡಿದು, ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದರೆ ಚೀಲ ಹರಿಯದೆ ಬಿಡುತ್ತದೆ. ಅದನ್ನು ಮಗು ಮಲಗಿದ ಮೇಲೆ ಮಾಡಿ.